ಪಾತೂರನ್ನು ಊಟಕ್ಕೆ ಕರೆಯುತ್ತಿದ್ದ ಮನೆ

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ. ನನ್ನ ಮಗಳ ಮಗಳು. ಕಾದು ಕಾದು, ಇನ್ನು ತೊಟ್ಟಿಲು ಅಟ್ಟದಿಂದ ಇಳಿಯುವುದಿಲ್ಲ ಬಿಡು ಅಂತ ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ ಬಂದವಳು. ಬೆಳಿಗ್ಗೆ ಕಾಲ ಮೇಲೆ ಹಾಕಿಕೊಂಡು ಹರಳೆಣ್ಣೆ ತೀಡಿ ಬಿಸಿನೀರು ಹುಯ್ಯುವಾಗ ಕಣ್ಣು ಬಿಗಿಯಾಗಿ ಮುಚ್ಚಿ ಬಾಯಿ ಮಾತ್ರ ಗುಬ್ಬಿ ಮರಿಯ ಹಾಗೆ ತೆರೆಯುತ್ತಾಳೆ. ನನಗೆ ಸಂತೋಷ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಡೇರಿಗೆ ಹಾಲು ಹಾಕಿ ಬರುವವರನ್ನು, ಟೊಮೆಟೊ ಕ್ರೇಟು ತುಂಬುವ ಟೆಂಪೋ ಹುಡುಗರನ್ನು, ಎಲ್ಲರನ್ನೂ ನಿಲ್ಲಿಸಿ ತೋರಿಸುತ್ತೇನೆ. "ನಿನ್ನೇನೂ ತೋರಿಸಿದ್ದೆ ಕಣಜ್ಜೀ" ಅನ್ನುತ್ತಾರೆ. ನಿನ್ನೆಯ ಮಗುವೇ ಬೇರೆ, ಇವತ್ತಿನದೇ ಬೇರೆ, ನೋಡೋ ಇನ್ನೊಂದು ಸಲ ಅನ್ನುತ್ತೇನೆ. ನೀರು ಹುಯ್ಯುತ್ತಾ ಮಗುವಿಗೆ ದಾರಿ ಹೇಳುತ್ತೇನೆ. ಕೆರೆ ಅಂಚಿನಿಂದ ಬಾ, ಹುಣಸೆಮರ ದಾಟು, ಗುಟ್ಟ ಹತ್ತು, ಇಳಿ, ಎಡಕ್ಕೆ ಬೇವಿನ ಮರದ ಮನೆ. ಎಲ್ಲರೂ ಜೋಗುಳ ಹಾಡಿದರೆ ನೀನು ದಾರಿ ಹೇಳ್ತೀಯಲ್ಲಮ್ಮ ಅಂತ ಮಗಳು ನಗುತ್ತಾಳೆ. ನನಗೆ ಹಾಡು ಬರುವುದಿಲ್ಲ. ನಮ್ಮ ಅವ್ವ ನನಗೆ ಕಲಿಸಿದ್ದು ದಾರಿಯನ್ನೇ. ನಮ್ಮ ಕಡೆ ಅಪ್ಪನ ತಾಯಿಯನ್ನು ಅವ್ವ ಅನ್ನುತ್ತೇವೆ, ಹೆತ್ತವಳು ಅಮ್ಮ. ಆ ಇಬ್ಬರ ನಡುವೆ ಬೆಳೆದವಳು ನಾನು, ಮತ್ತು ಆ ದಾರಿಯ ಕೊನೆಯಲ್ಲಿ ಈಗ ಯಾವ ಮನೆಯೂ ಇಲ್ಲ.

ನಮ್ಮ ಊರು ಕೊತ್ತೂರು. ಬೈರಕೂರಿನಿಂದ ಹೊಲಗಳ ನಡುವೆ ಒಂದು ಎಲೆಅಡಿಕೆ ಮೆಲ್ಲುವಷ್ಟು ಹೊತ್ತು ನಡೆದರೆ ಸಿಗುತ್ತದೆ. ಮೂಡಲಿಗೆ ಸಣ್ಣ ಕೆರೆ, ತೆಂಕಲಿಗೆ ಬೈರಕೂರಿನ ದಾರಿ, ಬಡಗಲಿಗೆ ಮಾವಿನ ತೋಪು, ಪಡುವಲಿಗೆ ಗುಟ್ಟ. ಗುಟ್ಟ ಅಂದರೆ ಬೆಟ್ಟ ಅನ್ನುವಷ್ಟು ದೊಡ್ಡದಲ್ಲ, ಯಾರೋ ಬಂಡೆಗಳನ್ನು ತಂದು ರಾಶಿ ಸುರಿದು ಮರೆತು ಹೋದ ಹಾಗಿದೆ. ಅದರ ಆಚೆ ಪಾತೂರು. ತೆಲುಗಿನಲ್ಲಿ ಪಾತೂರು ಅಂದರೆ ಹಳೆ ಊರು, ಕೊತ್ತೂರು ಅಂದರೆ ಹೊಸ ಊರು. ಹೆಸರಿಡುವ ಹೊತ್ತಿಗೆ ನಮ್ಮವರಿಗೆ ಸುಸ್ತಾಗಿತ್ತು ಅಂತ ಕಾಣುತ್ತದೆ. ಆಂಧ್ರ ನಮಗೆ ಕೂಗಿದರೆ ಕೇಳುವಷ್ಟು ಹತ್ತಿರ, ಹಾಗಾಗಿ ಬೈಯುವುದು ತೆಲುಗಿನಲ್ಲಿ, ದೇವರಿಗೆ ಹೇಳಿಕೊಳ್ಳುವುದು ಕನ್ನಡದಲ್ಲಿ. ಊರು ಕಟ್ಟುವಾಗ ಎಲ್ಲಕ್ಕಿಂತ ಮೊದಲು ನೆಡುವ ಕಲ್ಲಿಗೆ ಕರುಗಲ್ಲು ಅನ್ನುತ್ತಾರೆ. ಕೊತ್ತೂರಿನ ಕರುಗಲ್ಲು ಊರಬಾಗಿಲಲ್ಲಿ ಅರಿಶಿನ ಕುಂಕುಮ ಬಳಿದುಕೊಂಡು ನಿಂತಿದೆ. ಬೇರೆ ಹೆಂಗಸರು ಅದರ ಮುಂದೆ ಚಪ್ಪಲಿ ಬಿಟ್ಟು ನಡೆಯುತ್ತಿದ್ದರು. ನಮ್ಮ ಅವ್ವ ಮಾತ್ರ ಅದಕ್ಕೆ ಅಷ್ಟಾಗಿ ಮರ್ಯಾದೆ ಕೊಡುತ್ತಿರಲಿಲ್ಲ.

"ಇದು ಮೊನ್ನೆ ಮೊನ್ನೆ ನೆಟ್ಟ ಕಲ್ಲು ಕಣೇ. ಇದಕ್ಕಿನ್ನೂ ಹಾಲುಹಲ್ಲು. ನಮ್ಮ ಕಲ್ಲು ಆ ಕಡೆ ಇದೆ."

ಕೊತ್ತೂರಿನ ನಮ್ಮ ಮನೆ ದೊಡ್ಡದೇನಲ್ಲ. ಮುಂದೆ ಜಗಲಿ, ಒಳಗೆ ಬಂದರೆ ಒಂದು ಕಡೆ ಎತ್ತುಗಳು, ಇನ್ನೊಂದು ಕಡೆ ನಾವು. ನಡುಮನೆಯ ಮೂಲೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆ, ನಾನು ಅದರ ಹಿಂದೆ ಅವಿತುಕೊಂಡರೆ ಯಾರಿಗೂ ಸಿಗುತ್ತಿರಲಿಲ್ಲ. ಅಡುಗೆಮನೆಗೆ ಕಿಟಕಿಯಿಲ್ಲ. ಹೊಗೆ ಹೋಗುವುದೂ ಬೆಳಕು ಬರುವುದೂ ಹಿತ್ತಲ ಬಾಗಿಲಿನಿಂದಲೇ, ಮತ್ತು ಆ ಬಾಗಿಲು ನೇರವಾಗಿ ಗುಟ್ಟದ ಕಡೆಗೆ. ದಿನಾ ಸಂಜೆ, ಇನ್ನೂ ದೀಪ ಹಚ್ಚುವ ಮೊದಲು, ಅವ್ವ ಕೈ ಒರೆಸಿಕೊಂಡು ಆ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದಳು. ಸೆರಗು ಸರಿ ಮಾಡಿಕೊಂಡು, ಹೊಲದಿಂದ ಮಕ್ಕಳನ್ನು ಕರೆಯುವ ದನಿಯಲ್ಲಿ ಕರೆಯುತ್ತಿದ್ದಳು.

"ಕುಂಟೆ ಮನೆ ಯಲ್ಲಪ್ಪಾ, ಹೊತ್ತಾಯ್ತು ಬಾ! ಬೇವಿನ ಮರದ ಮನೆ ಗುರವಮ್ಮಾ, ಹೊತ್ತಾಯ್ತು ಬಾರೇ! ಎರಡು ಒರಳಿನ ಮನೆ ಚೌಡಪ್ಪಾ, ಬಾ! ಲಚ್ಚೀ, ಬಾರೇ!"

ಕೊನೆಯ ಹೆಸರಿಗೆ ಮಾತ್ರ ಮನೆಯ ಗುರುತು ಇರಲಿಲ್ಲ. ಕರೆದಾದ ಮೇಲೆ ಅವ್ವ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದಳು, ದೂರದಿಂದ ಬರುವವರಿಗೆ ದಾರಿ ನಡೆಯಲು ಬಿಡುವಷ್ಟು ಹೊತ್ತು. ಆಮೇಲೆ ಒಂದು ಹರಳೆಲೆಯ ಮೇಲೆ ಮುದ್ದೆಯ ತುಂಡು ಇಟ್ಟು ಹಿತ್ತಲ ಗೋಡೆಯ ಮೇಲಿರಿಸಿ ಒಳಗೆ ಬಂದು ದೀಪ ಹಚ್ಚುತ್ತಿದ್ದಳು. ಬೆಳಿಗ್ಗೆ ಎಲೆ ಖಾಲಿ ಇರುತ್ತಿತ್ತು. ಮುಂಗುಸಿಯೋ ಕಾಗೆಯೋ ತಿಂದಿರುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಅಂತಲೇ ನಾನು ತಿಳಿದಿದ್ದೆ. ಇಸ್ಕೂಲಿಗೆ ಹೋದ ಮೇಲೆ ಗೊತ್ತಾಯಿತು, ಊರಿನ ಮಕ್ಕಳು ನಮ್ಮನ್ನು ದೆವ್ವದ ಊಟದ ಮನೆಯವರು ಅಂತ ಕರೆಯುತ್ತಾರೆ ಅಂತ. ನಾಲ್ಕನೇ ಕ್ಲಾಸಿಗೆ ನಾನು ಇಸ್ಕೂಲು ಬಿಟ್ಟೆ. ಅದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ.

ಮೇಕೆ ಹೊಡೆದುಕೊಂಡು ಅವ್ವನ ಜತೆ ನಾನು ಪಾತೂರಿಗೆ ಹೋಗುತ್ತಿದ್ದೆ. ಮನೆಗಳೆಲ್ಲ ಮಳೆಗೆ ಕರಗಿ ಮಣ್ಣಿನ ದಿಂಡುಗಳಾಗಿದ್ದವು, ಅದರ ಮೇಲೆಲ್ಲ ಸೀತಾಫಲದ ಗಿಡ. ಹಣ್ಣಿನ ಕಾಲದಲ್ಲಿ ಊರಿನ ಹುಡುಗರು ಬಂದು ಕಿತ್ತು ತಿನ್ನುತ್ತಿದ್ದರು, ನಾವು ಮುಟ್ಟುವ ಹಾಗಿರಲಿಲ್ಲ. ಕರುಗಲ್ಲು ಒಂದು ಕಡೆಗೆ ವಾಲಿಕೊಂಡು ನಿಂತಿತ್ತು, ಅರಿಶಿನ ಇಲ್ಲದೆ, ಬರೀ ಕಲ್ಲಾಗಿ. ನೆಲದಲ್ಲಿ ಹೂತ ಒರಳುಗಳು ಮಾತ್ರ ಇದ್ದಲ್ಲೇ ಇದ್ದವು. ಮಳೆಗಾಲದಲ್ಲಿ ಒಂದೊಂದು ಒರಳಲ್ಲೂ ನೀರು ನಿಂತು ಆಕಾಶ ಕಾಣುತ್ತಿತ್ತು, ಗುಬ್ಬಿಗಳು ಕುಡಿಯುತ್ತಿದ್ದವು. ಒರಳು ಇದ್ದ ಕಡೆ ಅಡುಗೆಮನೆ ಇತ್ತು ಅಂತ ಅರ್ಥ. ಅಲ್ಲಿಂದ ಅಳತೆ ಹಿಡಿದು ಅವ್ವ ನಡುಮನೆ ತೋರಿಸುವಳು, ಜಗಲಿ ತೋರಿಸುವಳು, ಬೀದಿ ತೋರಿಸುವಳು. ಬಿಸಿಲಿನಲ್ಲಿ, ಯಾರೂ ಇಲ್ಲದ ಬಯಲಿನಲ್ಲಿ, ಅವಳ ಕೈ ಹೋದ ಕಡೆಯೆಲ್ಲ ಗೋಡೆಗಳು ಏಳುತ್ತಿದ್ದವು. ಒಂದು ಸಲ ನಾನು ದಿಂಡು ಹಾರಿ ಅಡ್ಡದಾರಿಯಲ್ಲಿ ಓಡಿ ಹೋದೆ. ಅವ್ವ ಅಲ್ಲಿಂದಲೇ ಗದರಿದಳು.

"ಏ, ಗೋಡೆ ಹಾದು ಬರ್ತೀಯೇನೇ? ಕಳ್ಳಿಯೇನೇ ನೀನು? ಹೋಗು, ಬಾಗಿಲಲ್ಲಿ ಬಾ!"

"ಬಾಗಿಲೆಲ್ಲಿದೆ ಅವ್ವಾ?"

"ಅಲ್ಲೇ ನಿಂತಿದ್ದೀಯಲ್ಲೇ ಕುರುಡಿ, ಪಕ್ಕದಲ್ಲೇ ಇದೆ. ತಲೆ ಬಗ್ಗಿಸು, ಚೌಕಟ್ಟು ತಗುಲುತ್ತೆ."

ತಲೆ ಬಗ್ಗಿಸಿ ಒಳಗೆ ಬಂದೆ. ಇವತ್ತಿಗೂ ನಾನು ಯಾರ ಮನೆಗೆ ಹೋದರೂ, ಮುಳಬಾಗಿಲಿನಲ್ಲಿ ನನ್ನ ಅಳಿಯ ಕಟ್ಟಿಸಿದ ಗ್ರಾನೈಟಿನ ಮನೆಗೆ ಹೋದರೂ, ಬಾಗಿಲಲ್ಲಿ ತಲೆ ಬಗ್ಗುತ್ತದೆ. ಅಜ್ಜಿ ಎತ್ತರ ಇಲ್ಲ, ಬಾಗಿಲು ಎತ್ತರ ಇದೆ, ಯಾಕೆ ಬಗ್ಗುತ್ತೀಯ ಅಂತ ಆ ಬೀದಿಯ ಮಕ್ಕಳು ಕೇಳುತ್ತಾರೆ. ಆ ಮನೆಗಳ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಮನೆ ಇರಬಹುದು ಅನ್ನುವುದು ನನ್ನ ಮೈಯೊಳಗೇ ಸೇರಿಕೊಂಡುಬಿಟ್ಟಿದೆ.

ಅಮ್ಮ ದೇವರಾಯಸಮುದ್ರದ ಕಡೆಯವಳು. ಅವಳ ತವರಿನಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದವು, ಕೆರೆ ಏರಿ ಮೇಲೆ ಸಂಜೆ ಜನವೋ ಜನ. ಅಂಥ ಕಡೆಯಿಂದ ಬಂದವಳಿಗೆ ಹಿತ್ತಲ ಬಾಗಿಲ ಈ ಕರೆ ಮೊದಲಿನಿಂದಲೂ ಎದೆ ನಡುಗಿಸುತ್ತಿತ್ತು. ನಾನು ಹುಟ್ಟಿ ಉಳಿದೆ. ನನ್ನ ಹಿಂದೆ ಒಂದು ಗಂಡು ಹುಟ್ಟಿ ತೀರಿಕೊಂಡಿತು, ಅದರ ಹಿಂದೆ ಒಂದು ಹೆಣ್ಣು. ಎರಡನ್ನೂ ಗುಟ್ಟದ ದಾರಿಯ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದರು. ಆ ದಾರಿಯಲ್ಲಿ ಅಮ್ಮ ಸೌದೆಗೂ ಹೋಗುತ್ತಿರಲಿಲ್ಲ. ಮೂರನೆಯದು ಹೊಟ್ಟೆಯಲ್ಲಿ ನಿಂತಾಗ ಅವಳು ಅವ್ವನ ಕಡೆ ನೋಡುವುದನ್ನೇ ಬಿಟ್ಟಳು. ಹೊಟ್ಟೆ ಕಾಣುವ ಹೊತ್ತಿಗೆ ಒಂದು ದಿನ ಊಟಕ್ಕೆ ಕೂತಾಗ, ಹುರುಳಿಸಾರಿನ ಗಡಿಗೆ ಇಳಿಸಿ, ಯಾರಿಗೂ ಬಡಿಸದೆ ಸೌಟು ಕೈಯಲ್ಲಿ ಹಿಡಿದು ನಿಂತಳು.

"ಅತ್ತೆ, ಇನ್ಮೇಲೆ ಕರೀಬೇಡಿ."

"ಯಾರನ್ನ?"

"ಅವರನ್ನ. ದಿನಾ ಬಾಗಿಲಲ್ಲಿ ನಿಂತ್ಕೊಂಡು ಬನ್ನಿ ಬನ್ನಿ ಅಂತೀರಿ. ಬರ್ತಾರೆ. ಬಂದೋರು ಬರಿಗೈಲಿ ಹೋಗ್ತಾರಾ? ನನ್ನ ಮಡಿಲಿಂದ ಎರಡು ಎತ್ಕೊಂಡು ಹೋದ್ರು. ಇದನ್ನ ನಾನು ಕೊಡಲ್ಲ."

ಅಪ್ಪ ಮೆಲ್ಲಗೆ ಎದ್ದ. "ಎತ್ತಿಗೆ ಹುಲ್ಲು ಹಾಕ್ಬಿಟ್ಟು ಬರ್ತೀನಿ." ಅತ್ತೆ ಸೊಸೆ ಮಾತು ಶುರುವಾದಾಗಲೆಲ್ಲ ಅಪ್ಪನಿಗೆ ಎತ್ತಿನ ನೆನಪಾಗುತ್ತಿತ್ತು. ಊರಿನಲ್ಲಿ ನಮ್ಮ ಎತ್ತುಗಳಷ್ಟು ಮೈ ತುಂಬಿದ ಎತ್ತುಗಳು ಇರಲಿಲ್ಲ.

"ಕೂತ್ಕೊಳ್ಳೋ" ಅಂದಳು ಅವ್ವ. "ಹೊಟ್ಟೆ ಒಡ್ಕೊಂಡು ಸಾಯ್ತವೆ ಅವು, ಎಷ್ಟು ಸಲ ಹಾಕ್ತೀಯ. ನೀನೂ ಕೇಳು." ಆಮೇಲೆ ಅಮ್ಮನ ಕಡೆ ತಿರುಗಿದಳು. "ನೋಡು ವೆಂಕ್ಟಮ್ಮ, ಪಾತೂರಿಗೆ ಮಾರಿ ಜಾಡ್ಯ ಬಂದ ವರ್ಷ ನಾನು ಇವಳಷ್ಟಿದ್ದೆ." ನನ್ನನ್ನು ತೋರಿಸಿದಳು. "ಮದುವೆ ಆಗಿತ್ತು, ಅತ್ತೆ ಮನೇಲಿದ್ದೆ. ದಿನಾ ಹೆಣ. ಊರು ಬಿಡೋದೇ ಅಂತ ದೊಡ್ಡೋರು ತೀರ್ಮಾನ ಮಾಡಿದ್ರು. ನಡೆಯೋರು ಹೊರಡಬೇಕು. ಒಲೆ ಆರಿಸಬಾರದು, ಬಾಗಿಲು ಹಾಕಬಾರದು, ಹಿಂದಿಂದ ಯಾರು ಕೂಗಿದ್ರೂ ತಿರುಗಬಾರದು. ನಡೆಯೋಕೆ ಆಗದೆ ಇರೋರ ಪಕ್ಕ ಒಂದೊಂದು ಗಡಿಗೆ ನೀರು ಇಟ್ಟರು. ಎಲ್ರಿಗೂ ಒಂದೇ ಮಾತು ಹೇಳಿದ್ರು, ಸಂಜೆಗೆ ಬಂದು ಕರೀತೀವಿ ಅಂತ."

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಮ್ಮ ಅದನ್ನು ನೋಡಲಿಲ್ಲ.

"ನಮ್ಮ ಮನೇಲಿ ಲಚ್ಚಿ ಮಲಗಿದ್ಲು. ನನ್ನ ನಾದಿನಿ. ನನ್ನ ವಯಸ್ಸಿನೋಳೇ, ಇಬ್ರೂ ಸೇರಿ ಕುಂಟೆಬಿಲ್ಲೆ ಆಡ್ತಿದ್ವಿ. ಆ ಮಾತು ಹೇಳೋಕೆ ಹೆತ್ತಮ್ಮನ ಬಾಯಿ ಏಳಲಿಲ್ಲ. ನನ್ನ ಕೈಲಿ ಹೇಳಿಸಿದ್ರು."

"ಏನಂದ್ಲು ಅವಳು?" ಅಂತ ಕೇಳಿದ್ದು ಅಪ್ಪ. ಅವನ ಸೋದರತ್ತೆ ಅವಳು. ದಿನಾ ಕೇಳುತ್ತಿದ್ದ ಆ ಹೆಸರು ಅವಳದು ಅನ್ನುವುದೇ ಅವನಿಗೆ ಅವತ್ತು ಗೊತ್ತಾದದ್ದು.

"ಮರೀಬೇಡ ಅಂದ್ಲು. ಇನ್ನೇನಂತಾಳೆ."

"ಹೋದ್ರಾ ಸಂಜೆಗೆ?"

"ಯಾರೂ ಆ ಕಡೆ ಇಳೀದ ಹಾಗೆ ಗಂಡಸರು ಗುಟ್ಟದ ಮೇಲೆ ಕಾವಲು ಕೂತ್ರು. ಮೂರು ಸಂಜೆ ಒಲೆಗಳ ಹೊಗೆ ಕಾಣ್ತು. ಆಮೇಲೆ ಕಾಣಲಿಲ್ಲ."

ಅಮ್ಮ ಸೌಟನ್ನು ಗಡಿಗೆಯೊಳಗೆ ಇಟ್ಟಳು. ಅವಳ ಧ್ವನಿ ಮೆತ್ತಗಾಗಿತ್ತು, ಆದರೆ ಮಾತು ಸಡಿಲ ಆಗಲಿಲ್ಲ.

"ಅವರು ಮಣ್ಣಾಗಿ ಎಷ್ಟೋ ಕಾಲ ಆಯ್ತು ಅತ್ತೆ. ನನ್ನ ಮಕ್ಕಳು ಮಣ್ಣಾಗಿದ್ದು ಮೊನ್ನೆ."

ಅವ್ವ ತನ್ನ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸರಿ ಕಣಮ್ಮ. ಮಾತು ಕೊಟ್ಟೆ. ಇನ್ನು ಕರೆಯಲ್ಲ."

ಕರೆಯುವುದು ನಿಂತರೆ ಮನೆಯಲ್ಲಿ ಭಯ ಕಡಿಮೆ ಆಗಬೇಕಿತ್ತು. ಆಗಲಿಲ್ಲ. ಸಂಜೆಯಾದರೆ ಅವ್ವ ಹಿತ್ತಲ ಬಾಗಿಲಿಗೆ ಬೆನ್ನು ಹಾಕಿ, ಸೆರಗಿನ ತುದಿಯನ್ನು ಬಾಯಿಗೆ ಕಚ್ಚಿಕೊಂಡು ಕೂತುಬಿಡುತ್ತಿದ್ದಳು. ಬರೀ ತುಟಿಯಲ್ಲಾದರೂ ಹೆಸರು ಹೊರಬಿದ್ದೀತು ಅಂತ ಹಾಗೆ. ಆ ಹೊತ್ತಿನಲ್ಲಿ ಎತ್ತುಗಳೂ ಮೆಲುಕು ನಿಲ್ಲಿಸಿ ಕಿವಿ ನಿಗುರಿಸುತ್ತಿದ್ದವು. ನನಗೆ ಗುಟ್ಟದ ಆಚೆ ಅವರೆಲ್ಲ ಎದ್ದು ಸೆರಗು ಕೊಡವಿ, ರುಮಾಲು ಸುತ್ತಿ, ಬಾಗಿಲಲ್ಲಿ ಬಂದು ನಿಂತು, ಯಾಕಿನ್ನೂ ಕರೆ ಬರಲಿಲ್ಲ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಕರೆಯುತ್ತಿದ್ದಾಗ ಅವರು ಅಲ್ಲಿದ್ದರು, ನಾವು ಇಲ್ಲಿದ್ದೆವು. ಕರೆ ನಿಂತ ಮೇಲೆ ಎಲ್ಲಿದ್ದಾರೋ ತಿಳಿಯದ ಹಾಗಾಯಿತು. ವಾಡೆಯ ಹಿಂದೆ ಅವಿತುಕೊಳ್ಳುವುದನ್ನು ನಾನು ಬಿಟ್ಟೆ, ಅಲ್ಲಿ ಆಗಲೇ ಯಾರೋ ಇದ್ದಾರೆ ಅನ್ನುವ ಹಾಗಿತ್ತು. ಒಂದು ಸಂಜೆ ಅಮ್ಮ ರಾಗಿ ಬೀಸುತ್ತಿದ್ದವಳು ಥಟ್ಟನೆ ಕಲ್ಲು ನಿಲ್ಲಿಸಿದಳು.

"ಅತ್ತೆ, ಹಿತ್ತಲಲ್ಲಿ ಯಾರೋ ಒರಳಲ್ಲಿ ರುಬ್ತಾ ಇದ್ದಾರೆ."

ನಮ್ಮ ಹಿತ್ತಲಲ್ಲಿ ಒರಳೇ ಇರಲಿಲ್ಲ. ಅವ್ವ ಬಾಯಲ್ಲಿ ಸೆರಗು ಇಟ್ಟುಕೊಂಡೇ, ಇಲ್ಲ ಅಂತ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಮ್ಮ ಮತ್ತೆ ಬೀಸಲಿಲ್ಲ. ಅವತ್ತು ನಾವು ಬರೀ ಅಂಬಲಿ ಕುಡಿದು ಮಲಗಿದೆವು.

ಅಮ್ಮನಿಗೆ ನೋವು ಕಾಣಿಸಿಕೊಂಡದ್ದು ಒಂದು ಮಧ್ಯಾಹ್ನ. ಅಪ್ಪ ಕೆರೆ ಏರಿಯ ಮನೆಗೆ ಓಡಿ ಕಾಸಿಂಬಿಯನ್ನು ಕರೆತಂದ. ಊರಿಗೆಲ್ಲ ಅವಳೇ ಸೂಲಗಿತ್ತಿ. ನನ್ನನ್ನೂ ಎತ್ತಿದವಳು, ನನ್ನ ಅಪ್ಪನನ್ನು ಎತ್ತಿದ್ದು ಅವಳ ಅಮ್ಮ. ಅವ್ವನನ್ನು ಬುಡ್ಡಿ, ಅಂದರೆ ಮುದುಕಿ, ಅಂತಲೇ ಕರೆಯುವಳು. ಅವ್ವನಿಗೂ ಅವಳಿಗೂ ದಿನಾ ಜಗಳ, ಒಂದು ದಿನ ಜಗಳ ಇಲ್ಲದಿದ್ದರೆ ಯಾರಿಗೋ ಮೈ ಹುಷಾರಿಲ್ಲ ಅಂತಲೇ. ಬಂದವಳೇ ಅಪ್ಪನನ್ನು ಆಚೆ ಅಟ್ಟಿದಳು, ನನ್ನನ್ನು ಒಲೆ ಮುಂದೆ ಕೂರಿಸಿ ನೀರು ಆರದ ಹಾಗೆ ನೋಡಿಕೋ ಅಂದಳು. ಹೊತ್ತು ಇಳಿಯುತ್ತಾ ಬಂತು. ಅಮ್ಮನ ಕೂಗು ಗೋಡೆಗೆ ಬಡಿದು ಬಡಿದು ಕೊನೆಗೆ ಒಮ್ಮೆಲೇ ನಿಂತಿತು. ಆಮೇಲೆ ಬರಬೇಕಾದ ಇನ್ನೊಂದು ಕೂಗು ಬರಲಿಲ್ಲ. ನಾನು ಒಲೆ ಬಿಟ್ಟು ಎದ್ದು ನೋಡಿದೆ. ಕಾಸಿಂಬಿಯ ಎರಡು ಕೈಯೊಳಗೆ ಮಗು ನೇರಳೆ ಬಣ್ಣದಲ್ಲಿ ಸುಮ್ಮನೆ ಇತ್ತು. ಅವಳು ಬೆನ್ನು ತಟ್ಟಿದಳು, ಬಾಯೊಳಗೆ ಬೆರಳಾಡಿಸಿದಳು, ಅಂಗಾಲು ಚಿವುಟಿದಳು.

ಹುಟ್ಟಿದ ಮಗು ಅಳದಿದ್ದರೆ ನಮ್ಮ ಕಡೆ ಕಂಚಿನ ತಟ್ಟೆ ಬಡಿಯುತ್ತಾರೆ, ಮನೆಯ ಹಿರಿಯರು ಒಂದೊಂದಾಗಿ ಹೆಸರು ಕೂಗುತ್ತಾರೆ. ಯಾವ ಹೆಸರಿಗೆ ಮಗು ಅತ್ತಿತೋ ಅದಕ್ಕೆ ಅದೇ ಹೆಸರು. ತಟ್ಟೆ ಬಡಿಯುವುದು ನನ್ನ ಪಾಲಿಗೆ ಬಂತು. ಬಡಿದೆ, ಕೈ ನೋಯುವಂತೆ ಬಡಿದೆ.

"ಅರೆ, ಗೊಂಬೆ ತರಾ ನಿಂತ್ಕೊಂಡಿದ್ದೀಯಲ್ಲ ಬುಡ್ಡೀ! ಕರಿ, ಹೆಸರು ಕರಿ!" ಅಂತ ಕಾಸಿಂಬಿ ಅವ್ವನನ್ನು ಗದರಿದಳು.

ಅವ್ವ ಬಾಯಿಯಿಂದ ಸೆರಗು ತೆಗೆಯಲಿಲ್ಲ. ಹೊರಗೆ ಹೊತ್ತು ಮುಳುಗುತ್ತಿತ್ತು. ಅಮ್ಮ ನೆಲದಿಂದಲೇ ಕತ್ತೆತ್ತಿದಳು.

"ಅತ್ತೆ, ಕರೀರಿ."

"ನಿನಗೆ ಮಾತು ಕೊಟ್ಟಿದ್ದೀನಿ ಕಣೇ ತಾಯಿ. ನನ್ನ ಬಾಯಲ್ಲಿ ಬರೋದು ಅವೇ ಹೆಸರು."

"ಬರಲಿ! ಯಾರು ಬರ್ತಾರೋ ಬರಲಿ, ಕರೀರಿ ಅತ್ತೆ!"

ಮಗುವಿನ ಕಿವಿಯಲ್ಲಿ ಕೂಗಬೇಕಾದವಳು ಅವ್ವ, ಅಷ್ಟು ವರ್ಷದ ರೂಢಿ, ಸೀದಾ ಹಿತ್ತಲ ಬಾಗಿಲಿಗೆ ಹೋಗಿ ನಿಂತಳು. "ಏ ಬುಡ್ಡೀ, ಕೂಸು ಇಲ್ಲಿದೆ, ಅಲ್ಲಿ ಯಾರನ್ನ ಕರೀತೀಯಾ!" ಅಂತ ಕಾಸಿಂಬಿ ಕಿರುಚಿದಳು. ಅವ್ವನಿಗೆ ಕೇಳಿಸಲಿಲ್ಲ. ಕುಂಟೆ ಮನೆ ಯಲ್ಲಪ್ಪಾ ಅಂದಳು. ತಿಂಗಳುಗಟ್ಟಲೆ ಕಟ್ಟಿಟ್ಟಿದ್ದ ದನಿ ಗುಟ್ಟಕ್ಕೆ ತಾಗಿ ಹಿಂದಕ್ಕೆ ಬಂತು. ಬೇವಿನ ಮರದ ಮನೆ ಗುರವಮ್ಮಾ ಅಂದಳು. ಎರಡು ಒರಳಿನ ಮನೆ ಚೌಡಪ್ಪಾ ಅಂದಳು. ಮಗು ಅಲುಗಲಿಲ್ಲ. ಅವ್ವ ಉಸಿರು ತೆಗೆದುಕೊಂಡಳು. ಲಚ್ಚೀ ಅಂತ ಕರೆದಾಗ ಅದು ಮುದುಕಿಯ ದನಿ ಆಗಿರಲಿಲ್ಲ. ಕುಂಟೆಬಿಲ್ಲೆಗೆ ಕರೆಯುವ ಹುಡುಗಿಯ ದನಿ. ನನ್ನ ಕೈಯಲ್ಲಿದ್ದ ತಟ್ಟೆ ಜಾರಿ ಬಿತ್ತು. ಕಾಸಿಂಬಿಯ ಕೈಯಲ್ಲಿ ಯಾರೋ ಸೀನಿದರು. ಆಮೇಲೆ ಅಳು, ಎತ್ತುಗಳೆಲ್ಲ ಎದ್ದು ನಿಲ್ಲುವಂಥ ಅಳು.

ಯಾರೂ ಹಿಗ್ಗಲಿಲ್ಲ, ಇದನ್ನು ಹೇಳಲೇಬೇಕು. ಹೆಣ್ಣು ಮಗು, ಬದುಕಿದೆ, ಆದರೆ ಅತ್ತದ್ದು ಆ ಹೆಸರಿಗೆ. ಗಡಿಗೆ ನೀರಿನ ಪಕ್ಕ ಬಿಟ್ಟು ಬಂದವಳ ಹೆಸರು. ಆ ಹೆಸರು ಇಟ್ಟರೆ ಅದೂ ಆ ದಾರಿಯನ್ನೇ ಹಿಡಿದೀತು ಅಂತ ಅಪ್ಪ ಬಾಗಿಲಾಚೆಯಿಂದಲೇ ಅಂದ, ಬೇರೆ ಇಡೋಣ ಅಂದ. "ಕೂಸು ಕೇಳಿ ತಗೊಂಡ ಹೆಸರು, ಕೊಡಲ್ಲ ಅನ್ನೋಕೆ ನೀನ್ಯಾವೋನೋ" ಅಂತ ಕಾಸಿಂಬಿ ಕೈ ತೊಳೆದುಕೊಂಡು ಹೋದಳು. ಅಮ್ಮ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಅವ್ವ ಹತ್ತಿರ ಹೋಗಲಿಲ್ಲ. ನಡುಮನೆಯ ಆ ತುದಿಯಲ್ಲಿ ಕೂತು ಮಗು ಉಸಿರಾಡುವುದನ್ನು ಕೇಳುತ್ತಿದ್ದಳು, ಉಸಿರಿನ ಸದ್ದು ಸ್ವಲ್ಪ ತಗ್ಗಿದರೆ ಕತ್ತು ಮುಂದೆ ಚಾಚುತ್ತಿದ್ದಳು.

ಆ ತಂಗಿ ಈಗ ಶ್ರೀನಿವಾಸಪುರದಲ್ಲಿ ಇದ್ದಾಳೆ, ಮೊಮ್ಮಕ್ಕಳಿಗೆ ಹೆದರದೆ ಅವರನ್ನು ಹೆದರಿಸಿಕೊಂಡು. ಮೊನ್ನೆ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮಾವಿನಹಣ್ಣಿನ ಬುಟ್ಟಿ ಇಳಿಸಿದವಳೇ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಸಾಕು ಕೊಡೇ ಅಕ್ಕಾ, ನೀನೊಬ್ಬಳೇ ಅಜ್ಜಿಯೇನು?" ಅಂತ. ಕೊಟ್ಟೆ. ಅವಳ ತೋಳಿನಲ್ಲಿ ಮಗು ನಕ್ಕಿತು ಅಂತ ಅವಳು ಹೇಳುತ್ತಾಳೆ, ಅದು ಬಿಕ್ಕಳಿಕೆ ಅಂತ ನಾನು.

ಆ ತಂಗಿ ಹುಟ್ಟಿದ ಮಾರನೆಯ ದಿನ ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ. ಅವ್ವ ಎಂದಿನ ಹಾಗೆ ಹಿತ್ತಲಿಗೆ ಬೆನ್ನು ಹಾಕಿ ಕೂತಿದ್ದಳು. ಸೆರಗನ್ನು ಬಾಯಿಗೆ ಇಟ್ಟುಕೊಳ್ಳುವಾಗ ಅಮ್ಮ ಗೋಡೆಯ ಕಡೆಯಿಂದ ಈ ಕಡೆಗೆ ಹೊರಳಿದಳು.

"ಅತ್ತೆ. ಹೊತ್ತಾಯ್ತು. ಹೋಗಿ ಕರೀರಿ."

ಅವ್ವ ಅವಳ ಮುಖವನ್ನು ನೋಡಿದಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದಳು. ಬಾಗಿಲಲ್ಲಿ ನಿಂತು ಯಲ್ಲಪ್ಪನನ್ನು ಕರೆದಳು. ಗುರವಮ್ಮನನ್ನು ಕರೆದಳು. ಚೌಡಪ್ಪನನ್ನು ಕರೆದಳು. ಅಮ್ಮ ಮಗುವಿನ ಕಿವಿಯ ಮೇಲೆ ಅಂಗೈ ಇಟ್ಟುಕೊಂಡು ಕಾದಳು. ನಾನೂ ಕಾದೆ. ಕೊನೆಯ ಹೆಸರು ಬರಲಿಲ್ಲ. ಅವ್ವ ತಿರುಗಿದಳು, ಒಳಗೆ ನಡೆದು ಬಂದು ಬಾಣಂತಿಯ ಕಾಲ ಬಳಿ ನಿಂತಳು, ಕರೆದ ಮನೆಗೆ ಬಂದವರು ಕೂರಿ ಅನ್ನುವುದಕ್ಕೆ ಕಾಯುವ ಹಾಗೆ. ಅಮ್ಮ ಕಿವಿಯ ಮೇಲಿನ ಕೈ ತೆಗೆದಳು. ಎರಡು ಕೈಯಲ್ಲೂ ಮಗುವನ್ನು ಎತ್ತಿ ಮುಂದಕ್ಕೆ ಹಿಡಿದಳು.

ಅವ್ವ ಕೂತು ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಬಗ್ಗಿ, ಅದರ ಕಿವಿಯ ಹತ್ತಿರ ಬಾಯಿ ತಂದು, ನಮಗ್ಯಾರಿಗೂ ಅಲ್ಲದೆ ಅದಕ್ಕೆ ಮಾತ್ರ ಹೇಳಿದಳು.

"ತಡ ಆಯ್ತು ಕಣೇ. ಗುಟ್ಟದ ಮೇಲೆ ಕೂತೋರು ಬಿಡಲಿಲ್ಲ. ತಡ ಆಯ್ತು."